ಕೆರೆ ಏರಿ ಮೇಲಿನ ಗಾಳದ ದಾರ: ಭಾನುವಾರ ಯಾರ್ಯಾರು ಬರ್ತೀರಿ?

ಎರಡನೇ ಕ್ರಾಸ್, ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ವಾಕಿಂಗ್ ಹೋದಾಗ ತೂಬಿನ ಹತ್ತಿರ ಜೊಂಡಿನಲ್ಲಿ ಒಂದು ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಒದ್ದಾಡ್ತಿತ್ತು. ಗಾಳದ ನೈಲಾನ್ ದಾರ ರೆಕ್ಕೆಗೆ ಮೂರು ಸುತ್ತು ಬಿಗಿದಿತ್ತು, ಕೊಕ್ಕಿನ ಕೆಳಗಿನ ಚೀಲಕ್ಕೆ ಗಾಳ ನೆಟ್ಟಿತ್ತು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದ್ವಿ, ಬಂದು ಬಿಡಿಸಿಕೊಂಡು ಹೋದರು. ಹಕ್ಕಿ ಬದುಕಿದೆ. ಆದರೆ ಅಲ್ಲೇ ಯಾರೋ ಬಿಟ್ಟುಹೋದ ಹರಕು ಬಲೆಯಲ್ಲಿ ಒಂದು ಆಮೆ ಸತ್ತುಬಿದ್ದಿತ್ತು. ಆಮೆಗೂ ನಮ್ಮ ಹಾಗೆ ಶ್ವಾಸಕೋಶವೇ, ಉಸಿರಿಗೆ ಮೇಲೆ ಬರೋಕಾಗದಿದ್ದರೆ ಮುಳುಗೇ ಸಾಯುತ್ತೆ. ಹಿಂಗಾಲು ಮುಚ್ಚಿಕೊಳ್ಳೋ ಚರ್ಮದ ಮಡಿಕೆ ಬಲೆಗೆ ಸಿಕ್ಕಿ ಹರಿದಿತ್ತು. ಬೆಳಗಿಂದ ಅದೇ ಕಣ್ಮುಂದೆ ಬರ್ತಿದೆ. ಭಾನುವಾರ ಏರಿ ಉದ್ದಕ್ಕೂ ದಾರ, ಬಲೆ ಆಯೋಣ. ಯಾರ್ಯಾರು ಬರ್ತೀರಿ?

ನಾಲ್ಕನೇ ಕ್ರಾಸ್, ಮೇಷ್ಟ್ರು:
ನಾನು ಬರ್ತೀನಮ್ಮ. ನಮ್ಮೂರು ಮದ್ದೂರು ಕಡೆ. ಅಲ್ಲಿ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ ಮನೆ ಹಿತ್ತಲ ಹುಣಸೆ ಮರದಲ್ಲೇ ಗೂಡು ಕಟ್ಟುತ್ತೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅಂತ ಊರವರು ನೋಡ್ಕೋತಾರೆ, ಮರದಡಿ ಬಿದ್ದ ಹಿಕ್ಕೆ ಗದ್ದೆಗೆ ಗೊಬ್ಬರ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು, ಊರವರ ಅಕ್ಕರೆ ಅದಕ್ಕಿಂತ ಬಹಳ ಹಳೇದು. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸರ್ ಅನ್ನೋ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೂ ಸೇರ್ತು. ಆದರೆ ಗೂಡು ಎಲ್ಲೇ ಇರಲಿ, ಹಕ್ಕಿ ಹೊಟ್ಟೆ ತುಂಬಬೇಕಾದ್ದು ಸುತ್ತಲ ಕೆರೆಗಳಲ್ಲಿ. ಅಲ್ಲಿ ಕಾಪಾಡಿ ಇಲ್ಲಿ ಗಾಳಕ್ಕೆ ಕೊಟ್ಟರೆ ಏನು ಬಂತು?

ಆರನೇ ಕ್ರಾಸ್:
ಗಾಳದ ಹುಡುಗರನ್ನ ಏರಿ ಹತ್ತೋಕೇ ಬಿಡಬಾರದು.

ಎರಡನೇ ಕ್ರಾಸ್, ಮೂಲೆಮನೆ:
ಅಣ್ಣ, ಬೈದು ಓಡಿಸಿದರೆ ಕತ್ತಲಲ್ಲಿ ಬರ್ತಾರೆ. ಸಂಜೆ ಇಬ್ಬರ ಹತ್ರ ಮಾತಾಡಿದೆ. ಆ ಆಮೆ ಫೋಟೋ ನೋಡಿ ಸುಮ್ಮನಾದರು. "ತುಂಡು ದಾರ ಎಲ್ಲಿ ಹಾಕೋದು, ಡಬ್ಬನೇ ಇಲ್ವಲ್ಲ ಅಕ್ಕ" ಅಂದರು. ಅದು ನಿಜ.

ಒಂದನೇ ಕ್ರಾಸ್, ಪ್ಲಂಬಿಂಗ್:
ನಾಲ್ಕಿಂಚಿನ ಪಿವಿಸಿ ಪೈಪ್ ತುಂಡು ನನ್ನ ಹತ್ರ ಇದೆ. ಕೆಳಗೆ ಕ್ಯಾಪ್, ಮೇಲೆ ಎಲ್ಬೋ ಹಾಕಿದರೆ ಮಳೆನೀರು ತುಂಬಲ್ಲ. ತೂಬಿನ ಕಂಬಕ್ಕೆ ಒಂದು, ಮೆಟ್ಟಿಲ ಹತ್ರ ಒಂದು ಕಟ್ತೀನಿ. ದುಡ್ಡು ಬೇಡ.

ಐದನೇ ಕ್ರಾಸ್, ಮಹಡಿ ಮನೆ:
ಒಂದು ಕೇಳಬೇಕಿತ್ತು. ಮಗ ಸಾಕಿದ ಎರಡು ಆಮೆ ತೊಟ್ಟಿ ಮೀರಿ ಬೆಳೆದಿವೆ, ಕಣ್ಣ ಪಕ್ಕ ಕೆಂಪು ಪಟ್ಟಿ ಇದೆ. ಕೆರೆಗೆ ಬಿಟ್ಟರೆ ಪುಣ್ಯ ಅಂತ ನಮ್ಮತ್ತೆ ಹೇಳ್ತಿದ್ದಾರೆ.

ಮೂರನೇ ಕ್ರಾಸ್, ವೆಟರ್ನರಿ ಓದ್ತಿರೋಳು:
ಅಕ್ಕ, ದಯವಿಟ್ಟು ಬೇಡ. ಅವು ಅಮೆರಿಕ ಮೂಲದವು. ತಿನ್ನೋದಕ್ಕೂ ಬಿಸಿಲು ಕಾಯೋ ಜಾಗಕ್ಕೂ ನಮ್ಮ ಆಮೆಗಳ ಮೇಲೆ ಬೀಳ್ತವೆ. ಕೆರೆ ತುಂಬಾ ಇರೋ ಜಿಲೇಬಿ ಮೀನೂ ಆಫ್ರಿಕಾದಿಂದ ಬಂದದ್ದೇ. ನಮ್ಮ ಕಾವೇರಿಯ ದೊಡ್ಡ ಮಶೀರ್ ಮೀನು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಒಳ್ಳೇದಾಗಲಿ ಅಂತ ಬೇರೆ ಜಾತಿ ಮಶೀರ್ ಮರಿ ತಂದು ಹೊಳೆಗೆ ಬಿಟ್ಟದ್ದೂ ಅದರ ಅಳಿವಿಗೆ ಒಂದು ಕಾರಣ. ಆಮೆ ನಿಮ್ಮಲ್ಲೇ ಇರಲಿ, ದೊಡ್ಡ ತೊಟ್ಟಿ ನಾನು ಹುಡುಕಿಕೊಡ್ತೀನಿ.

ಮತ್ತೆ ಹಕ್ಕಿ ಸಿಕ್ಕರೆ ದಾರ ಜಗ್ಗಬೇಡಿ. ತಲೆ ಮೇಲೆ ಬಟ್ಟೆ ಹಾಕಿ, ಫೋನ್ ಮಾಡಿ. ಹೆಜ್ಜಾರ್ಲೆ ಕೊಕ್ಕನ್ನ ಮಾತ್ರ ಗಟ್ಟಿಯಾಗಿ ಮುಚ್ಚಿ ಹಿಡೀಬೇಡಿ, ಅದು ಬಾಯಲ್ಲೇ ಉಸಿರಾಡೋದು.

ಐದನೇ ಕ್ರಾಸ್, ಮಹಡಿ ಮನೆ:
ಬಿಡಲ್ಲಮ್ಮ. ಅತ್ತೆಗೂ ಹೇಳ್ತೀನಿ. ಭಾನುವಾರ ಮಗನ್ನ ಕರ್ಕೊಂಡು ಬರ್ತೀನಿ.

ಎರಡನೇ ಕ್ರಾಸ್, ಮೂಲೆಮನೆ:
ಬೆಳಿಗ್ಗೆ 6:30, ತೂಬಿನ ಹತ್ರ. ಕತ್ತರಿ, ಗ್ಲೌಸ್, ಗೋಣಿಚೀಲ ತನ್ನಿ. ದಾರ ಸಿಕ್ಕ ಕಡೆಯೆಲ್ಲ ಜೊಂಡನ್ನೂ ಸರಿಸಿ ನೋಡಿ, ಗಾಳ ಬೇರಿನಲ್ಲಿರುತ್ತೆ.