ವಿಯೆಟ್ನಾಂನ ದೊಡ್ಡ ಗುಹೆಗಳು: ಸೋನ್ ಡೂಂಗ್‌ಗೇ ಹೋಗಬೇಕಾ, ಹಾಂಗ್ ಎನ್ ಸಾಕಾ?

ಭೂಗೋಳ_ಟೀಚರ್_ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ವಯಸ್ಸು 47. ಸುಣ್ಣಕಲ್ಲಿನ ಗುಹೆಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇ ಆಯ್ತು. ಆಂಧ್ರದ ಬೇಲಂ ಗುಹೆ ನೋಡಿದ್ದೇನೆ, ತುಂಬಾ ಇಷ್ಟವಾಯಿತು. ಈಗ ನಾನು ಮತ್ತು ನನ್ನ ತಂಗಿ ವಿಯೆಟ್ನಾಂನ ಸೋನ್ ಡೂಂಗ್‌ಗೆ ಹೋಗುವ ಯೋಚನೆಯಲ್ಲಿದ್ದೇವೆ. ಕಾಡಿನಲ್ಲಿ ನಡೆದು, ಗುಹೆಯೊಳಗೇ ಟೆಂಟ್ ಹಾಕಿ ಮಲಗುವ ಟ್ರೆಕ್ ಅಂತ ಓದಿದೆ.

ನಮ್ಮ ಅನುಭವ ಅಂದರೆ ಕುಮಾರ ಪರ್ವತ, ಕುದುರೆಮುಖ. ಇಬ್ಬರಿಗೂ ಈಜು ಬರುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು. ರಜೆ ಸಿಗುವುದು ದಸರಾಕ್ಕೆ, ಇಲ್ಲ ಬೇಸಿಗೆಗೆ. ದಸರಾಕ್ಕೆ ಹೊರಟರೆ ಹೇಗೆ? ಅಷ್ಟು ದುಡ್ಡು ಕೊಡುವುದಕ್ಕೆ ನಿಜವಾಗಿಯೂ ಅರ್ಥವಿದೆಯಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹನೋಯ್‌ನಲ್ಲಿ_ತೀರ್ಥಹಳ್ಳಿಯವ:

ಮೇಡಂ, ದಸರಾ ಬೇಡವೇ ಬೇಡ. ಮಧ್ಯ ವಿಯೆಟ್ನಾಂನಲ್ಲಿ ಅಕ್ಟೋಬರ್ ಅಂದರೆ ನಮ್ಮ ಮಲೆನಾಡಿನ ಜುಲೈ. ಚಂಡಮಾರುತ, ನೆರೆ ಎಲ್ಲ ಆಗಲೇ. 2020ರ ಅಕ್ಟೋಬರಿನಲ್ಲಿ ಆ ಕಡೆಯ ಹಳ್ಳಿಗಳು ಮಾಡಿನವರೆಗೂ ಮುಳುಗಿದ್ದವು. ಗುಹೆಯೊಳಗಿನ ನದಿಯೂ ಏರುತ್ತದೆ. ಹಾಗಾಗಿ ಸೋನ್ ಡೂಂಗ್ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಮುಚ್ಚಿರುತ್ತದೆ. ನಿಮ್ಮ ಬೇಸಿಗೆ ರಜೆ ಸರಿಯಾದ ಸಮಯ.

ನಾನು ಕೆಲಸದ ಮೇಲೆ ಇಲ್ಲಿ ನೆಲೆಸಿದವನು. ಎರಡೂ ಗುಹೆ ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ ಮೊದಲು ಹಾಂಗ್ ಎನ್‌ಗೆ ಹೋಗಿ. ಅದು ಬಡವರ ಸೋನ್ ಡೂಂಗ್ ಅಲ್ಲ. ಜಗತ್ತಿನ ಮೂರನೇ ದೊಡ್ಡ ಗುಹೆ ಅಂತ ಅದಕ್ಕೆ ಹೆಸರಿದೆ. ಸೋನ್ ಡೂಂಗ್‌ಗೆ ಹೋಗುವವರೂ ಮೊದಲ ರಾತ್ರಿ ಮಲಗುವುದು ಅಲ್ಲೇ. ಎರಡು ದಿನ, ಒಂದು ರಾತ್ರಿ. ಸೋನ್ ಡೂಂಗ್ ನಾಲ್ಕು ದಿನಕ್ಕೆ ಒಬ್ಬರಿಗೆ ಸುಮಾರು 3,000 ಡಾಲರ್. ಹಾಂಗ್ ಎನ್‌ಗೆ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು.

ದಾರಿ ಹೇಗಿದೆ ಅಂತ ಹೇಳುತ್ತೇನೆ. ಫೋಂಗ್ ನ್ಯಾ ಊರಿನಿಂದ ಜೀಪಿನಲ್ಲಿ ಕಾಡಿನ ಅಂಚಿಗೆ ಬಿಡುತ್ತಾರೆ. ಅಲ್ಲಿಂದ ಕೆಳಕ್ಕೆ ಇಳಿಜಾರು. ಕೆಳಗೆ ಕಣಿವೆಯಲ್ಲಿ ಬಾನ್ ಡೂಂಗ್ ಅಂತ ಪುಟ್ಟ ಹಳ್ಳಿ, ಬ್ರೂ ವಾನ್ ಕಿಯೆವ್ ಜನರದ್ದು. ಅಲ್ಲಿಂದ ಮುಂದೆ ಹೊಳೆಯಲ್ಲೇ ನಡಿಗೆ. ಒಂದೇ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತೀರಿ, ಮೊಣಕಾಲುದ್ದ, ಕೆಲವು ಕಡೆ ತೊಡೆವರೆಗೆ. ಈಜು ಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಹೆಯ ಬಾಯಿ. ಹೆಲ್ಮೆಟ್, ತಲೆದೀಪ ಕೊಡುತ್ತಾರೆ. ಕತ್ತಲಲ್ಲಿ ಬಂಡೆಗಳನ್ನು ಹತ್ತಿ ಒಂದು ತಿರುವು ದಾಟಿದರೆ ಕೆಳಗೆ ಮರಳ ದಂಡೆ, ಪಕ್ಕದಲ್ಲಿ ಹಸಿರು ನೀರು, ಸಾಲಾಗಿ ಟೆಂಟುಗಳು. ಗುಹೆ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಆ ಟೆಂಟುಗಳು ಬೆಂಕಿಕಡ್ಡಿ ಪೆಟ್ಟಿಗೆಗಳ ಹಾಗೆ ಕಂಡಾಗಲೇ. ಮೇಲೆ ಛಾವಣಿಯ ತುಂಬ ಬಾನಾಡಿ ಹಕ್ಕಿಗಳ ಚೀರಾಟ. ಸಾಯಂಕಾಲ ಅವು ಗೂಡಿಗೆ ಮರಳುವುದನ್ನು ಮರಳಿನ ಮೇಲೆ ಮಲಗಿ ನೋಡಿ. ನಿಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಇನ್ನು ಸೋನ್ ಡೂಂಗ್. ಗಾತ್ರದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಗುಹೆ, 3.85 ಕೋಟಿ ಘನ ಮೀಟರ್. ಎತ್ತರ ಕೆಲವು ಕಡೆ 200 ಮೀಟರ್. ಮುರುಡೇಶ್ವರದ ಗೋಪುರ 237 ಅಡಿ. ಅಂಥ ಎರಡನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮೇಲೆ ಜಾಗ ಉಳಿಯುತ್ತದೆ. ಹೋ ಖಾನ್ ಎಂಬ ಸ್ಥಳೀಯರು 1990ರ ಸುಮಾರಿಗೆ ಅಗರು ಮರ ಹುಡುಕಿಕೊಂಡು ಕಾಡಿಗೆ ಹೋದವರು, ಮಳೆಗೆ ಆಸರೆ ಹುಡುಕುವಾಗ ಆ ಬಾಯಿ ಕಂಡರು. ಒಳಗಿಂದ ಗಾಳಿ ಮತ್ತು ನೀರಿನ ಭೋರ್ಗರೆತ ಕೇಳಿ ಹಿಂದೆ ಬಂದರು. ಆಮೇಲೆ ದಾರಿ ಮರೆತೇ ಹೋಯಿತು. 2008ರಲ್ಲಿ ಮತ್ತೆ ಸಿಕ್ಕಿತು. ಮರುವರ್ಷ ಹೋವರ್ಡ್ ಲಿಂಬರ್ಟ್ ಮುಂದಾಳತ್ವದ ಬ್ರಿಟಿಷ್ ತಂಡ ಅವರ ಜೊತೆಗೇ ಹೋಗಿ ಅಳತೆ ಮಾಡಿತು.

ಭೂಗೋಳದವರು ಅಂದಿರಿ, ಹಾಗಾಗಿ ಇದನ್ನು ಹೇಳದೆ ಬಿಡಲಾರೆ. ಛಾವಣಿ ಎರಡು ಕಡೆ ಕುಸಿದು ಬಿದ್ದಿದೆ. ಅಲ್ಲಿಂದ ಬಿಸಿಲು ಇಳಿದು, ಗುಹೆಯ ನಡುವೆಯೇ ಕಾಡು ಬೆಳೆದಿದೆ. ಬಾಳೆ, ಜರೀಗಿಡ, ಎತ್ತರದ ಮರಗಳು. ಹೊರಗಿನ ಬಿಸಿಗಾಳಿ ಒಳಗಿನ ತಂಪಿಗೆ ತಾಗಿ ಅಲ್ಲೇ ಮೋಡ ಕಟ್ಟುತ್ತದೆ. ಮಳೆನೀರು ಗಾಳಿ ಮಣ್ಣುಗಳಿಂದ ಇಂಗಾಲಾಮ್ಲ ಹೀರಿ ಸುಣ್ಣಕಲ್ಲನ್ನು ಕರಗಿಸುತ್ತದೆ ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತಲ್ಲ, ಆ ಸಾಲಿನ ಒಳಗೆ ನಡೆದ ಹಾಗಾಗುತ್ತದೆ. ಗುಹೆಮುತ್ತುಗಳೂ ಇವೆ. ಮರಳಿನ ಕಣದ ಮೇಲೆ ಮೇಲಿಂದ ತೊಟ್ಟಿಕ್ಕುವ ನೀರು ಸುಣ್ಣದ ಪದರ ಕಟ್ಟುತ್ತಾ ಹೋಗಿ ಗುಂಡಗಾದ ಕಲ್ಲುಗಳು. ಮುಟ್ಟಲು ಬಿಡುವುದಿಲ್ಲ. ಬಿಡಲೂ ಬಾರದು.

ಆದರೆ ಕಷ್ಟವೂ ಇದೆ. ಶುರುವಿನಲ್ಲಿ ಹಗ್ಗ ಕಟ್ಟಿಕೊಂಡು ಸುಮಾರು 80 ಮೀಟರ್ ಇಳಿಯಬೇಕು. ಕೊನೆಯಲ್ಲಿ ಸುಮಾರು 90 ಮೀಟರಿನ ಸುಣ್ಣದ ಗೋಡೆ ಹತ್ತಿ ಹೊರಗೆ ಬರಬೇಕು, ಅದಕ್ಕೆ 'ವಿಯೆಟ್ನಾಂನ ಮಹಾಗೋಡೆ' ಅಂತ ಹೆಸರು. ಅದರ ಮುಂಚೆ ನೀರಿದ್ದರೆ ದೋಣಿ, ಇಲ್ಲದಿದ್ದರೆ ಕೆಸರು. ಬುಕ್ ಮಾಡುವಾಗ ಆರೋಗ್ಯದ ವಿವರ, ಟ್ರೆಕ್ ಅನುಭವ ಎಲ್ಲ ಕೇಳುತ್ತಾರೆ.

3,000 ಡಾಲರ್ ಯಾಕೆ ಅಂತ ಕೇಳಿದಿರಿ. ಅದಕ್ಕೆ ಅರ್ಥವಿದೆ ಅಂತಲೇ ನನ್ನ ಅಭಿಪ್ರಾಯ. ಆಕ್ಸಾಲಿಸ್ ಅನ್ನುವ ಒಂದೇ ಸಂಸ್ಥೆಗೆ ಪರವಾನಗಿ. ವರ್ಷಕ್ಕೆ ಸುಮಾರು ಸಾವಿರ ಜನ, ಒಂದು ಗುಂಪಿಗೆ ಹತ್ತು ಮಂದಿ. ಆ ಹತ್ತು ಮಂದಿಯ ಹಿಂದೆ ಅಡುಗೆಯವರು, ಸಾಮಾನು ಹೊರುವವರು, ಹಗ್ಗ ಹಿಡಿಯುವವರು ಅಂತ ಅದಕ್ಕಿಂತ ದೊಡ್ಡ ಪಡೆ. ಅವರಲ್ಲಿ ಎಷ್ಟೋ ಜನ ಮೊದಲು ಕಾಡಿನಲ್ಲಿ ಮರ ಕಡಿದು, ಬೇಟೆ ಆಡಿ ಬದುಕುತ್ತಿದ್ದವರು. 2014ರಲ್ಲಿ ಅಲ್ಲಿಗೆ ಕೇಬಲ್ ಕಾರ್ ಹಾಕುವ ಯೋಜನೆ ಪ್ರಕಟವಾಯಿತು. ವಿಯೆಟ್ನಾಂನ ಜನ, ಅದರಲ್ಲೂ ಹುಡುಗ ಹುಡುಗಿಯರು, ದೊಡ್ಡದಾಗಿ ದನಿ ಎತ್ತಿದರು. ಕೇಬಲ್ ಕಾರ್ ಬರಲಿಲ್ಲ. ದಿನಕ್ಕೆ ಸಾವಿರ ಜನ ಇಳಿದಿದ್ದರೆ ಆ ಮುತ್ತುಗಳು ಉಳಿಯುತ್ತಿದ್ದವಾ ಹೇಳಿ?

ಊಟಕ್ಕೆ ತೊಂದರೆ ಇಲ್ಲ. ಬುಕ್ ಮಾಡುವಾಗಲೇ 'ಆನ್ ಚಾಯ್' ಅಂತ ಬರೆಯಿರಿ, ಸಸ್ಯಾಹಾರ ಅಂತ ಅರ್ಥ. ಮೀನಿನ ಸಾಸ್ ಹಾಕಬೇಡಿ ಅಂತ ಬೇರೆಯಾಗಿ ಹೇಳಿ. ಅನ್ನ, ತೋಫು, ಸೊಪ್ಪು, ಕಡಲೆಕಾಯಿ ಧಾರಾಳ. ನಾನಂತೂ ಒಂದು ಬಾಟಲಿ ಚಟ್ನಿಪುಡಿ ಒಯ್ಯುತ್ತೇನೆ. ಶೌಚಕ್ಕೆ ಮರೆಯಿರುವ ಟೆಂಟ್, ಭತ್ತದ ಹೊಟ್ಟು ಹಾಕುವ ವ್ಯವಸ್ಥೆ. ಶುಚಿಯಾಗಿರುತ್ತದೆ. ತಂಗಿಯವರಿಗೆ ಧೈರ್ಯ ಹೇಳಿ.

ಶಿರಸಿ_ಕಾಡುಪಾಪ:

ಅಕ್ಕೋರೇ, ಇಂಬಳದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹಾಂಗ್ ಎನ್ ದಾರಿಯಲ್ಲಿ ಮಳೆ ಬಿದ್ದರೆ ನಮ್ಮ ಯಾಣದ ಕಾಡಿನಷ್ಟೇ ಇಂಬಳ. ನಾವು ಊರಲ್ಲಿ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಳ್ಳುತ್ತೇವೆ. ಅಲ್ಲಿ ಅದು ನಡೆಯುವುದಿಲ್ಲ, ಹೊಳೆ ದಾಟುವಾಗ ತೊಳೆದು ಹೋಗುತ್ತದೆ. ಮೊಣಕಾಲವರೆಗಿನ ಇಂಬಳದ ಕಾಲುಚೀಲ ಒಂದೇ ದಾರಿ. ಪ್ಯಾಂಟನ್ನು ಅದರೊಳಗೆ ಸೇರಿಸಿ. ಉದ್ದ ತೋಳಿನ, ಬೇಗ ಒಣಗುವ ಬಟ್ಟೆ ಇರಲಿ. ಜೀನ್ಸ್ ಬೇಡ.

ಶೂ ಬಗ್ಗೆ ಇನ್ನೊಂದು ಮಾತು. ವಾಟರ್‌ಪ್ರೂಫ್ ಅಂತ ದುಬಾರಿ ಶೂ ತಗೊಳ್ಳಬೇಡಿ. ಮೇಲಿಂದ ನೀರು ಒಳಗೆ ಹೋದರೆ ಹೊರಗೆ ಬರಲ್ಲ, ದಿನವಿಡೀ ಕಾಲು ನೀರಲ್ಲೇ. ಜಾಲರಿಯ ಶೂ, ಅಡಿ ಮಾತ್ರ ಗಟ್ಟಿ ಹಿಡಿಯಬೇಕು.

ಶಿಲ್ಲಾಂಗ್_ಕನ್ನಡಿಗ:

ಗುಹೆಗಾಗಿ ಅಷ್ಟು ದೂರ ಯಾಕೆ ಅಂತ ನನ್ನ ಪ್ರಶ್ನೆ. ನಮ್ಮ ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಕ್ರೆಮ್ ಲಿಯಾಟ್ ಪ್ರಾಹ್ ಇದೆ, 30 ಕಿಲೋಮೀಟರಿಗಿಂತ ಉದ್ದ. ಮೌಸಿನ್‌ರಾಮ್ ಕಡೆಯ ಕ್ರೆಮ್ ಪುರಿ 24.5 ಕಿಲೋಮೀಟರ್, ಅದು ಮರಳುಗಲ್ಲಿನ ಗುಹೆ. 2018ರಲ್ಲಿ ಅಳೆದರು. ಡಿಸೆಂಬರ್ ರಜೆ ಸಿಕ್ಕರೆ ಬನ್ನಿ, ಆಗ ಒಣ ಹವೆ. ವೀಸಾ ಬೇಡ, ಡಾಲರ್ ಬೇಡ.

ಹನೋಯ್‌ನಲ್ಲಿ_ತೀರ್ಥಹಳ್ಳಿಯವ:

ಶಿಲ್ಲಾಂಗ್ ಅಣ್ಣ, ಒಳ್ಳೆಯ ಮಾತು. ಮೇಘಾಲಯದ ಗುಹೆಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಅಂತ ನನಗೂ ಅನ್ನಿಸುತ್ತದೆ. ಆದರೆ ಮೇಡಂ ಕೇಳಿದ್ದು ಬೇರೆ. ಅಲ್ಲಿಯವು ಉದ್ದದ ಗುಹೆಗಳು, ಬಹಳ ಕಡೆ ಬಗ್ಗಿ, ತೆವಳಿ ಹೋಗಬೇಕು. ಟೆಂಟ್ ಹಾಕಿ ಮೇಲೆ ಮೋಡ ನೋಡುವ ಜಾಗ ಅಲ್ಲ. ಎರಡನ್ನೂ ನೋಡಲಿ, ಒಂದರ ಬದಲು ಇನ್ನೊಂದು ಬೇಡ.

ಭೂಗೋಳ_ಟೀಚರ್_ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಬ್ಬರೂ ಕೂತು ಮಾತಾಡಿದೆವು. ಏಪ್ರಿಲ್‌ನಲ್ಲಿ ಹಾಂಗ್ ಎನ್ ಅಂತ ತೀರ್ಮಾನವಾಯಿತು. ತಯಾರಿ ಹೇಗೆ? ದಿನಾ ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇವೆ. ತಂಗಿಗೆ ಇಳಿಯುವಾಗ ಮೊಣಕಾಲು ಸ್ವಲ್ಪ ನೋಯುತ್ತದೆ.

ಹನೋಯ್‌ನಲ್ಲಿ_ತೀರ್ಥಹಳ್ಳಿಯವ:

ಕೆರೆ ದಂಡೆ ಸಮತಟ್ಟು, ಸಾಲದು ಮೇಡಂ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಇಳಿಯುವಾಗ ಬಸ್ಸು ಹಿಡಿಯಬೇಡಿ, ನಡೆದೇ ಇಳಿಯಿರಿ. ಹಾಂಗ್ ಎನ್‌ನಲ್ಲಿ ಮೊದಲ ದಿನ ಇಳಿಜಾರು, ಎರಡನೇ ದಿನ ಸುಸ್ತಾದ ಮೇಲೆ ಅದೇ ದಾರಿ ಹತ್ತಬೇಕು. ವಾರಕ್ಕೊಮ್ಮೆ ಯಾವುದಾದರೂ ಹಳ್ಳದಲ್ಲಿ ಒದ್ದೆ ಶೂ ಹಾಕಿಕೊಂಡು ಕಲ್ಲಿನ ಮೇಲೆ ನಡೆದು ಅಭ್ಯಾಸ ಮಾಡಿ. ಜಿಮ್ಮಿನಲ್ಲಿ ಕಲಿಯಲಾಗದ್ದು ಅದೊಂದೇ. ತಂಗಿಯವರ ಮೊಣಕಾಲನ್ನು ಈಗಲೇ ಡಾಕ್ಟರಿಗೆ ತೋರಿಸಿ, ಊರುಗೋಲು ಎರಡು ಇರಲಿ.

ಇ-ವೀಸಾ 25 ಡಾಲರ್, ಮನೆಯಿಂದಲೇ ಆಗುತ್ತದೆ. ಹನೋಯ್‌ನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಡೋಂಗ್ ಹೋಯ್, ಅಲ್ಲಿಂದ ಫೋಂಗ್ ನ್ಯಾ ಹತ್ತಿರ. ಏಪ್ರಿಲ್ 30 ಮತ್ತು ಮೇ 1 ಇಲ್ಲಿ ದೊಡ್ಡ ರಜೆ, ರೈಲು, ಹೋಟೆಲ್ ಎಲ್ಲ ತುಂಬಿರುತ್ತವೆ. ಆ ವಾರ ಬಿಟ್ಟು ತಾರೀಕು ನೋಡಿ. ಟಿಕೆಟ್ ಮಾಡಿದ ಮೇಲೆ ಇಲ್ಲೇ ಬರೆಯಿರಿ, ಸ್ಟೇಷನ್‌ಗೆ ಹೋಗಲು ಯಾವ ಬಸ್ಸು ಅಂತ ಹೇಳುತ್ತೇನೆ.