ಅಪ್‌ಡೇಟ್: ಮೆಂತ್ಯ ಒಳಗೆ ಬಂತು, ಹಾಗಲಕಾಯಿ ಇನ್ನೂ ಹೊರಗೇ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಐದು ವರ್ಷದ ಮಗಳು ಮೊಸರನ್ನ, ಬಿಸ್ಕತ್ತು ಬಿಟ್ಟು ಏನೂ ಮುಟ್ಟುವುದಿಲ್ಲ, ಯಾವ ಆಹಾರ ಯಾಕೆ ಬೇಕು ಅಂತ ಹೇಗೆ ಹೇಳಿಕೊಡಲಿ ಅಂತ. ಪಾಠ ಬೇಡ, ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಅಂದಿರಿ. ಹೋದೆವು.

ನಾವಿರೋ ಮುಂಬೈ ಪಕ್ಕದ ಡೊಂಬಿವಲಿಯ ಸ್ಟೇಷನ್ ಹತ್ತಿರ ಸೊಪ್ಪಿನ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಂತ್ಯದ ಕಟ್ಟು ಮೂಸಿದಳು. ಮನೆಗೆ ಬಂದು ತಾನೇ ಎಲೆ ಬಿಡಿಸಿದಳು. ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ. ತಾನು ಬಿಡಿಸಿದ್ದು ಅನ್ನೋ ಜಂಬಕ್ಕೆ ರೊಟ್ಟಿಯಲ್ಲಿ ತಿಂದಳು ಕೂಡ!

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ಒಂದು ತಟ್ಟೆಯ ಚಿತ್ರ ಇದೆ. ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು. ಉಳಿದದ್ದರಲ್ಲಿ ಧಾನ್ಯ, ಬೇಳೆಕಾಳು, ಮೊಟ್ಟೆ ಇತ್ಯಾದಿ. ಸ್ಟೀಲ್ ತಟ್ಟೆ ನೆಲದ ಮೇಲಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಅದನ್ನೇ ಬರೆದೆವು. ಈಗ ಊಟಕ್ಕೆ ಕೂತರೆ ‘ಅಪ್ಪಾ, ನಿನ್ನ ಅರ್ಧ ಎಲ್ಲಿ?’ ಅಂತ ನನ್ನನ್ನೇ ಹಿಡಿಯುತ್ತಾಳೆ.

ರಾಗಿ ದೋಸೆಯೂ ಗೆದ್ದಿತು. (ಇಲ್ಲಿ ಅಂಗಡಿಯಲ್ಲಿ ನಾಚಣಿ ಅಂತ ಕೇಳಬೇಕು.) 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಅಂದರೆ ಅವಳಿಗೇನು? ಸುಮ್ನೆ ‘ಹಲ್ಲಿನ ಹಿಟ್ಟು’ ಅಂದೆ.

ವಡಾಪಾವ್ ಕೆಟ್ಟದ್ದು ಅಂತ ಹೆದರಿಸಬೇಡಿ ಅಂದವರ ಮಾತು ಸರಿ. ಭಾನುವಾರಕ್ಕೆ ಒಂದು, ಅಷ್ಟೇ. ಈಗ ದಿನಾ ಕೇಳುವುದಿಲ್ಲ.

ಹಾಗಲಕಾಯಿ ಮಾತ್ರ ತಟ್ಟೆಯ ಅಂಚಿಗೆ ಹೋಗುತ್ತದೆ. ನಾನೂ ಚಿಕ್ಕವನಿದ್ದಾಗ ಹಾಗೇ ತಳ್ಳುತ್ತಿದ್ದೆ ಅಂತ ನಮ್ಮಮ್ಮ ಫೋನಿನಲ್ಲಿ ಅವಳಿಗೆ ಹೇಳಿಬಿಟ್ಟಿದ್ದಾರೆ.