‘ಸಿಸಿಲಿಯನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಇಕ್ತಿಯೋಫಿಸ್ ಕೊಡಗುಯೆನ್ಸಿಸ್ ಎಂಬ ಪ್ರಾಣಿಯ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆಯಲು ಕುಳಿತವನು ಮೊದಲ ವಾಕ್ಯದಲ್ಲಿಯೇ ತಡವರಿಸಿದ್ದೇನೆ. 2007ರಲ್ಲಿ ಹೊಸ ಪ್ರಭೇದವೆಂದು ದಾಖಲಾದ, ಕೊಡಗಿನ ಹೆಸರನ್ನೇ ಹೊತ್ತ ಈ ಉಭಯವಾಸಿಗೆ ಕಾಲಿಲ್ಲ, ಮೈಯ ಎರಡೂ ಮಗ್ಗುಲಲ್ಲಿ ಹಳದಿ ಪಟ್ಟೆಯಿದೆ, ಬಾಳುವೆಯೆಲ್ಲ ಬಹುಮಟ್ಟಿಗೆ ಹಸಿಮಣ್ಣಿನೊಳಗೆ. ಇಂಗ್ಲಿಷಿನಲ್ಲಿ ‘ಸಿಸಿಲಿಯನ್’ (caecilian) ಎನ್ನುವ ಇದರ ಗಣಕ್ಕೆ ಕನ್ನಡದಲ್ಲಿ ಸರಿಯಾದ ಹೆಸರು ಯಾವುದು?

‘ಸಿಸಿಲಿಯನ್’ ಎಂದೇ ಬರೆದರೆ ಇಟಲಿಯ ದ್ವೀಪದವನೋ, ಚದುರಂಗದ ಆರಂಭದ ನಡೆಯೋ ಎಂಬ ಗೊಂದಲವಾಗುತ್ತದೆ. ಮೂಲ ಲ್ಯಾಟಿನ್ ಪದಕ್ಕೆ ಕುರುಡು ಎಂಬ ಅರ್ಥವಿರುವುದರಿಂದ ‘ಕುರುಡುಹಾವು’ ಎನ್ನೋಣವೆಂದರೆ, ಎರೆಹುಳುವಿನಂತೆ ಕಾಣುವ ಪುಟ್ಟ ಹಾವೊಂದು ಆ ಹೆಸರನ್ನು ಆಗಲೇ ಪಡೆದಿದೆ. ‘ಎರಡು ತಲೆಯ ಹಾವು’ ಮಣ್ಣುಮುಕ್ಕನ ಪಾಲಾಗಿದೆ. ಮಲಯಾಳಿಗಳು ಇದನ್ನು ‘ಕುರುಡಿ’ ಎನ್ನುತ್ತಾರೆ. ನಮ್ಮಲ್ಲಿ ಆ ಪದ ಕಣ್ಣು ಕಾಣದ ಹೆಂಗಸನ್ನು ಹೀನೈಸುವ ಮಾತಾಗಿರುವುದರಿಂದ ಎರವಲು ತರಲು ಮನಸ್ಸು ಒಪ್ಪುವುದಿಲ್ಲ. ‘ಕಾಲಿಲ್ಲದ ಕಪ್ಪೆ’ಯೂ ಸಲ್ಲದು, ಏಕೆಂದರೆ ಉಭಯವಾಸಿಗಳಲ್ಲಿ ಕಪ್ಪೆಗಳದ್ದು ಒಂದು ಗಣ, ಸಲಮ್ಯಾಂಡರ್‌ಗಳದ್ದು ಇನ್ನೊಂದು, ಇವುಗಳದ್ದು ಮೂರನೆಯದು.

ಶಾಸ್ತ್ರೀಯ ನಾಮಗಳೂ ಹಾವಿನ ಹಂಗು ಬಿಟ್ಟಿಲ್ಲವೆಂಬುದು ಸ್ವಲ್ಪ ಸಮಾಧಾನ: ಗಣದ ಹೆಸರಾದ ಜಿಮ್ನೋಫಿಯೋನ ಎಂದರೆ ಬೆತ್ತಲೆ ಹಾವು, ಇಕ್ತಿಯೋಫಿಸ್ ಎಂದರೆ ಮೀನುಹಾವು. ಆದರೂ ನಮ್ಮ ಹೆಸರಿನಲ್ಲಿ ‘ಹಾವು’ ಬೇಡವೆನ್ನಲು ಕಾರಣವಿದೆ. ಅಡಿಕೆ ಮರದ ಬುಡ ಬಿಡಿಸುವಾಗ ಹೊರಬಿದ್ದದ್ದನ್ನು ಹಾವೆಂದು ಗುದ್ದಲಿಯಿಂದ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಸತ್ತದ್ದನ್ನು ಬಾಗಿ ನೋಡಿದರೆ ಹೊರಗೆ ಕಾಣುವ ಹುರುಪೆಯಿಲ್ಲ, ಮೈಯೆಲ್ಲ ಲೋಳೆ. ಬಳೆಗಳನ್ನು ಒತ್ತೊತ್ತಾಗಿ ಪೋಣಿಸಿದಂತೆ ಸುತ್ತಲೂ ಗೆರೆಗಳು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಸೂಜಿಮೊನೆಯಷ್ಟು ಸ್ಪರ್ಶಾಂಗವಿರುತ್ತದೆ, ಅದು ಯಾವ ಹಾವಿಗೂ ಇಲ್ಲ.

ಆ ಗೆರೆಗಳನ್ನು ನೆನೆದು ‘ಬಳೆಮೈಯ’ ಎಂಬ ಪದವನ್ನು ನಾನು ಕಟ್ಟಿಕೊಂಡಿದ್ದೇನೆ. ‘ಉಂಗುರಹುಳು’ ಎಂದೂ ಯೋಚಿಸಿದ್ದೆ, ಎರೆಹುಳುವಿನ ನೆನಪು ಬರುತ್ತದೆಂದು ಕೈಬಿಟ್ಟೆ. ಆದರೆ ಕಟ್ಟಿದ ಪದಕ್ಕಿಂತ ಆಡುವ ಪದವೇ ಮೇಲು. ಈಶಾನ್ಯ ಭಾರತದಲ್ಲಿ 2012ರಲ್ಲಿ ಈ ಗಣದ ಹೊಸ ಕುಟುಂಬವನ್ನು ಗುರುತಿಸಿದವರು ಗಾರೋ ಭಾಷೆಯಲ್ಲಿ ಈ ಪ್ರಾಣಿಗಿದ್ದ ‘ಚಿಕಿಲ’ ಎಂಬ ಹೆಸರನ್ನೇ ಕುಲನಾಮವಾಗಿ ಎತ್ತಿಕೊಂಡರು. ಕೊಡಗು, ಮಲೆನಾಡು, ಕರಾವಳಿಗಳಲ್ಲಿ ತೋಟದ ಕೆಲಸ ಮಾಡುವವರ ಬಾಯಲ್ಲಿ, ಕೊಡವ ಮತ್ತು ತುಳು ಮಾತುಗಳನ್ನೂ ಸೇರಿಸಿ, ಹಾವಿನಿಂದ ಬೇರ್ಪಡಿಸಿ ಇದನ್ನಷ್ಟೇ ಸೂಚಿಸುವ ಪದವನ್ನು ಕೇಳಿಬಲ್ಲವರು ಊರಿನ ಹೆಸರಿನೊಡನೆ ತಿಳಿಸಬೇಕೆಂದು ಕೋರುತ್ತೇನೆ.